ಹೆಸರು ದುಂದುಗಾರ, ಓಡಿದ್ದು 19, ಗೆದ್ದದ್ದು 18: ನಮ್ಮ ಕಾಕಾ ಮರೆಯದ ಕುದುರೆ

ಇವತ್ತಿನ ಸಂಚಿಕೆ ಒಂದು ಕುದುರೆಯ ಬಗ್ಗೆ. ಹೆಸರು ಸ್ಕ್ವಾಂಡರರ್. ಕನ್ನಡದಲ್ಲಿ ಹೇಳೋದಾದ್ರೆ ದುಂದುಗಾರ, ಕೈಯಲ್ಲಿದ್ದದ್ದನ್ನೆಲ್ಲ ಉಡಾಯಿಸಿ ಬಿಡುವವನು. ಹುಟ್ಟಿದ್ದು 1973ರಲ್ಲಿ. ಓಡಿದ್ದು 19 ರೇಸು, ಗೆದ್ದದ್ದು 18. ಹೆಸರಿಟ್ಟವರು ಯಾವ ಮೂಡಿನಲ್ಲಿ ಇಟ್ಟರೋ, ಆದರೆ ಆ ಹೆಸರಿಗೆ ತಕ್ಕಂತೆ ಅದು ಒಂದು ದಿನವೂ ನಡೆದುಕೊಳ್ಳಲಿಲ್ಲ.

ಬನಹಟ್ಟಿಯಲ್ಲಿ ಬೆಳೆದವನಿಗೆ ಈ ಹೆಸರು ಹೇಗೆ ಗೊತ್ತು ಅಂತ ಕೇಳ್ತೀರಿ. ನಮ್ಮೂರಲ್ಲಿ ರೇಸ್‌ಕೋರ್ಸ್ ಇಲ್ಲ. ನಮ್ಮ ಕಡೆ ಓಟ ಅಂದ್ರೆ ಒಂದೋ ಮುಧೋಳದ ಬೇಟೆನಾಯಿ, ಇಲ್ಲಾ ಜಾತ್ರೆಯ ಗಾಡಿ ಶರ್ಯತ್ತು. ಆದರೆ ನಮ್ಮ ಕಾಕಾ 70ರ ದಶಕದಲ್ಲಿ ಮುಂಬೈಯ ಒಂದು ಗಿರಣಿಯಲ್ಲಿ ಕೆಲಸಕ್ಕಿದ್ದ. ಲೋವರ್ ಪರೇಲ್ ಗಿರಣಿಗಳಿಂದ ಮಹಾಲಕ್ಷ್ಮಿ ರೇಸ್‌ಕೋರ್ಸ್‌ಗೆ ನಡೆದೇ ಹೋಗಬಹುದು. 1883ರಷ್ಟು ಹಳೆಯ ಮೈದಾನ ಅದು. ರವಿವಾರ ರಜೆ. ಖೋಲಿಯಲ್ಲಿ ಮಲಗಿದರೆ ಸೆಕೆ. ಗೆಳೆಯರು ಹೊರಟರು, ಇವನೂ ಹೊರಟ.

1982ರ ಜನವರಿ 18ಕ್ಕೆ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯ್ತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು, ಎಷ್ಟೋ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಕಾಕಾ ಊರಿಗೆ ವಾಪಸ್ ಬಂದು ಪವರ್‌ಲೂಮ್ ಮುಂದೆ ನಿಂತ. ನಾನು ಶಾಲೆ ಬಿಟ್ಟ ಮೇಲೆ ಕಂಡಿಕೆ ಸುತ್ತೋಕೆ ಕೂತ್ಕೊಳ್ತಿದ್ದೆ. ಕರೆಂಟ್ ಹೋಗಿ ಮಗ್ಗದ ಸದ್ದು ನಿಂತರೆ ಸಾಕು, ಮುಂಬೈ ಕಥೆ ಶುರು. ಅದರಲ್ಲಿ ಅರ್ಧಕ್ಕರ್ಧ ಸ್ಕ್ವಾಂಡರರ್.

“ತಮ್ಮಾ, ಉಳಿದ ಕುದುರಿ ಓಡತಿದ್ವು. ಅದು ಓಡತಿರಲಿಲ್ಲ, ಹರೀತಿತ್ತು.” ಹಾಗೆ ಹೇಳ್ತಾ ಕೈಯಲ್ಲಿದ್ದ ಲಾಳಿಯನ್ನ ಗಾಳಿಯಲ್ಲಿ ಸರ್ರನೆ ಎಳೆದು ತೋರಿಸ್ತಿದ್ದ. 1977ರ ಇಂಡಿಯನ್ ಡರ್ಬಿಯನ್ನ ಅಂವ ಕಣ್ಣಾರೆ ನೋಡಿದ್ದ. ಜಾಕಿ ವಸಂತ್ ಶಿಂಧೆ. ತಯಾರು ಮಾಡಿದವರು ಬೆಂಗಳೂರಿನ ಹೆಸರಾಂತ ಟ್ರೇನರ್ ರಶೀದ್ ಬೈರಾಮ್ಜಿ. “ಬೆಂಗಳೂರು ಕುದುರಿ, ಅಂದ್ರ ನಮ್ಮದ” ಅಂತ ಕಾಕಾನ ಲೆಕ್ಕ. ಎಷ್ಟು ಅಂತರದಲ್ಲಿ ಗೆದ್ದಿತು ಅನ್ನೋದು ಮಾತ್ರ ಪ್ರತಿ ಸಲ ಹೇಳುವಾಗಲೂ ಸ್ವಲ್ಪ ಉದ್ದ ಆಗ್ತಿತ್ತು, ಹಾಗಾಗಿ ಅದನ್ನ ನಾನಿಲ್ಲಿ ಹೇಳೋದಿಲ್ಲ! ಸೋತ ಆ ಒಂದು ರೇಸಿನ ಸುದ್ದಿ ತೆಗೆದರೆ, “ಕಂಡಿಕಿ ಮುಗದಾವೇನು ನೋಡು” ಅಂತಿದ್ದ.

ಡರ್ಬಿ ಒಂದೇ ಅಲ್ಲ, ಸ್ಕ್ವಾಂಡರರ್ ಭಾರತದ ಟ್ರಿಪಲ್ ಕ್ರೌನ್ ಗೆದ್ದಿತ್ತು. ಅಂದ್ರೆ ಮೂರು ರೇಸು: ಇಂಡಿಯನ್ 2000 ಗಿನೀಸ್ 1600 ಮೀಟರ್, ಡರ್ಬಿ 2400 ಮೀಟರ್, ಸೇಂಟ್ ಲೆಜರ್ 2800 ಮೀಟರ್. ಇದರಲ್ಲೇನು ದೊಡ್ಡದು ಅನ್ನಿಸಬಹುದು. ಶಾಲೆಯ ಸ್ಪೋರ್ಟ್ಸ್ ನೆನಪು ಮಾಡ್ಕೊಳ್ಳಿ, ನೂರು ಮೀಟರ್ ಗೆದ್ದ ಹುಡುಗನೇ ಐದು ಸಾವಿರ ಮೀಟರ್ ಕೂಡ ಗೆಲ್ಲೋದು ಎಷ್ಟು ಸಲ ನೋಡಿದ್ದೀರಿ? ಕುದುರೆಗಳೂ ಹಾಗೇ. ಕೆಲವಕ್ಕೆ ಕಾಲಲ್ಲಿ ವೇಗ, ಕೆಲವಕ್ಕೆ ಎದೆಯಲ್ಲಿ ದಮ್ಮು. 1600ರಲ್ಲಿ ಮಿಂಚಿದ್ದು 2800ಕ್ಕೆ ಬರುವಷ್ಟರಲ್ಲಿ ಬಸವಳಿದಿರುತ್ತೆ. ಮತ್ತೆ ಈ ಮೂರೂ ಜೀವನದಲ್ಲಿ ಒಂದೇ ಸಲ ಸಿಗುವ ರೇಸುಗಳು, ಒಂದೇ ಸಾಲಿನಲ್ಲಿ ಹುಟ್ಟಿದ ಕುದುರೆಗಳಿಗೆ ಮಾತ್ರ. ಈ ವರ್ಷ ಜ್ವರ ಬಂತು, ಮುಂದಿನ ವರ್ಷ ನೋಡೋಣ ಅನ್ನೋ ಹಾಗಿಲ್ಲ.

ಇನ್ನೊಂದು ಕಾಕತಾಳೀಯ. ಸ್ಕ್ವಾಂಡರರ್ ಹುಟ್ಟಿದ 1973ರಲ್ಲೇ ಅಮೆರಿಕದಲ್ಲಿ ಸೆಕ್ರೆಟೇರಿಯಟ್ ಅನ್ನೋ ಕುದುರೆ ಅಲ್ಲಿಯ ಟ್ರಿಪಲ್ ಕ್ರೌನ್ ಗೆದ್ದಿತು. ಕೊನೆಯ ರೇಸಾದ ಬೆಲ್‌ಮಾಂಟ್‌ನಲ್ಲಿ 31 ಕುದುರೆ ಉದ್ದದಷ್ಟು ಮುಂದೆ. ಆ ವಿಡಿಯೋ ಯೂಟ್ಯೂಬಲ್ಲಿದೆ, ನೋಡಿ. ಕ್ಯಾಮೆರಾದವನು ಎರಡನೇ ಕುದುರೆಯನ್ನ ಹುಡುಕೋಕೆ ಪಡುವ ಪಾಡು ನೋಡೋ ಹಂಗದ.

ಇವುಗಳ ಮೈಯಲ್ಲಿ ಅಂಥಾದ್ದೇನಿದೆ? ಈ ತಳಿಗೆ ಥರೋಬ್ರೆಡ್ ಅಂತಾರೆ. ಇವತ್ತು ಜಗತ್ತಿನಲ್ಲಿರೋ ಎಲ್ಲ ಥರೋಬ್ರೆಡ್ ಕುದುರೆಗಳ ಗಂಡು ವಂಶ ಹಿಡಿದು ಹಿಂದಕ್ಕೆ ಹೋದರೆ, ಸುಮಾರು ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿಗೆ ಬಂದ ಮೂರೇ ಮೂರು ಗಂಡು ಕುದುರೆಗಳಿಗೆ ಹೋಗಿ ಮುಟ್ಟುತ್ತೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಪೂರ್ತಿ ವೇಗದಲ್ಲಿ ಓಡುವಾಗ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ತಗೊಳ್ಳುತ್ತೆ. ಓಟದ ತಾಳಕ್ಕೇ ಉಸಿರಾಟ ಕಟ್ಟಿಹಾಕಿದ ಹಾಗೆ. ಹೊಟ್ಟೆಯಲ್ಲಿರುವ ಗುಲ್ಮ ಓಟ ಶುರುವಾದ ಕೂಡಲೇ ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನ ಹೊರಗೆ ತಳ್ಳುತ್ತೆ, ಆಮ್ಲಜನಕ ಹೊರುವ ಕೂಲಿಗಳು ಒಮ್ಮೆಲೇ ಹೆಚ್ಚಾಗ್ತಾರೆ. ಎದೆಬಡಿತ ನಿಮಿಷಕ್ಕೆ 200 ದಾಟುತ್ತೆ.

ಇಷ್ಟೆಲ್ಲ ಶಕ್ತಿ, ಆದರೆ ಮೊಣಕಾಲಿನ ಕೆಳಗೆ ಮಾಂಸಖಂಡ ಅನ್ನೋದೇ ಇಲ್ಲ. ಎಲುಬು, ಸ್ನಾಯುರಜ್ಜು, ಚರ್ಮ ಅಷ್ಟೇ. ಹತ್ತಿರ ಹತ್ತಿರ ಐದು ಕ್ವಿಂಟಲ್ ಮೈ ಅರವತ್ತು ಕಿಲೋಮೀಟರ್ ವೇಗದಲ್ಲಿ ಅಷ್ಟು ಸಣ್ಣ ಕಾಲಿನ ಮೇಲೆ ಬೀಳುತ್ತೆ. ಒಂದು ತಪ್ಪು ಹೆಜ್ಜೆಗೆ ಕುದುರೆಯ ಜೀವ ಹೋಗಬಹುದು, ಜಾಕಿಯದೂ ಹೋಗಬಹುದು. ರೇಸ್ ನೋಡಿ ಖುಷಿಪಡುವವರು ಇದನ್ನ ಕಂಡೂ ಕಾಣದ ಹಾಗೆ ಇರೋದು ನನಗೆ ಸರಿ ಕಾಣೋದಿಲ್ಲ. 19 ಸಲ ಓಡಿ 18 ಸಲ ಗೆಲ್ಲೋದು ಅಂದ್ರೆ, 19 ಸಲ ಆ ಕಾಲುಗಳು ಮುರಿಯದೇ ಉಳಿದವು ಅಂತಾನೂ ಲೆಕ್ಕ.

ಈಗ ದುಡ್ಡಿನ ಮಾತು. ನನ್ನನ್ನ ಜನ ಹೆಚ್ಚು ಕೇಳೋದು ಇದನ್ನೇ: “ಅಣ್ಣಾ, ಅಂಥ ಕುದುರಿ ಮ್ಯಾಲ ಹಚ್ಚಿದವರು ಲಕ್ಷಾಧೀಶ ಆಗಿರಬೇಕಲ್ಲ?”

ಇಲ್ಲ. ಯಾಕೆ ಅಂತ ಒಂದು ಉದಾಹರಣೆ ಲೆಕ್ಕ ಹಾಕೋಣ. ರೇಸ್‌ಕೋರ್ಸಿನ ಟೋಟ್‌ನಲ್ಲಿ ಎಲ್ಲರ ದುಡ್ಡು ಒಂದೇ ಗಂಟಿಗೆ ಬೀಳುತ್ತೆ. ಗಂಟು ಒಂದು ಲಕ್ಷ ಅಂತ ಇಟ್ಕೊಳ್ಳಿ. ಮೊದಲು ತೆರಿಗೆ, ಕ್ಲಬ್ಬಿನ ಪಾಲು ಅಂತ 20 ಸಾವಿರ ತೆಗೆದರು. ಉಳಿದದ್ದು 80 ಸಾವಿರ. ಎಲ್ಲರಿಗೂ ಇಷ್ಟವಾದ ಕುದುರೆ ಮೇಲೆ ಜನ 70 ಸಾವಿರ ಹಚ್ಚಿದ್ದಾರೆ. ಅದು ಗೆದ್ದರೆ 80 ಸಾವಿರವನ್ನ ಆ 70 ಸಾವಿರಕ್ಕೆ ಹಂಚಬೇಕು. ಹತ್ತು ರೂಪಾಯಿ ಹಚ್ಚಿದವನಿಗೆ ಬರೋದು ಹನ್ನೊಂದೂ ಚಿಲ್ಲರೆ. ಒಂದು ಚಹಾದ ಲಾಭ. ಅದೇ ಯಾರಿಗೂ ಬೇಡವಾದ ಕುದುರೆ ಮೇಲೆ ಎರಡೇ ಸಾವಿರ ಇದ್ದು, ಅದು ಗೆದ್ದುಬಿಟ್ಟರೆ ಹತ್ತಕ್ಕೆ ನಾನೂರು. ಆದರೆ ಅದು ಗೆಲ್ಲೋದಿಲ್ಲ, ಅದಕ್ಕೇ ಯಾರಿಗೂ ಬೇಡವಾಗಿರೋದು. ಯಾವ ಕುದುರೆ ಗೆದ್ದರೂ ಆ 20 ಸಾವಿರ ಮಾತ್ರ ಮೊದಲೇ ಪಕ್ಕಕ್ಕೆ ಹೋಗಿರುತ್ತೆ.

1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಬರೀ ಅದೃಷ್ಟದಾಟ ಅಲ್ಲ, ಕೌಶಲದ ಆಟ ಅಂತ ಹೇಳಿತು. ಕಾನೂನಿನ ಮಾತು ಅದು. ಕಾಕಾನ ಖೋಲಿಯ ಲೆಕ್ಕ ಬೇರೆ ಇತ್ತು. ಅಲ್ಲಿದ್ದವರೊಬ್ಬರು ಸ್ಕ್ವಾಂಡರರ್ ಮೇಲೆ ಹಚ್ಚುತ್ತಲೇ ಇರಲಿಲ್ಲವಂತೆ. “ಹನ್ನೊಂದು ರೂಪಾಯಿ ತಗೊಂಡು ಏನ್ ಮಾಡ್ಲಿ” ಅಂತ ಬೇಡದ ಕುದುರೆಗಳ ಬೆನ್ನು ಹತ್ತಿದರು. ಮೊದಲು ಪಗಾರ ಹೋಯ್ತು, ಆಮೇಲೆ ಊರಿಗೆ ಹೋಗಬೇಕಾದ ಮನಿ ಆರ್ಡರ್ ನಿಂತಿತು. ಒಂದು ದಿನ ಅವರ ಹೆಂಡತಿ ಕೂಸು ಕಟ್ಟಿಕೊಂಡು ಖೋಲಿಯ ಬಾಗಿಲಿಗೇ ಬಂದು ನಿಂತರಂತೆ. ಈ ಭಾಗ ಹೇಳುವಾಗ ಕಾಕಾ ಲಾಳಿ ಆಡಿಸ್ತಿರಲಿಲ್ಲ.

“ದುಂದುಗಾರ ಅಂತ ಹೆಸರು ಕುದುರಿಗೆ ಇಟ್ರು, ತಮ್ಮಾ. ದುಂದು ಮಾಡಿದಾಂವ ಗ್ಯಾಲರಿಯೊಳಗ ನಿಂತಿದ್ದ.” ಇದು ಅವನದೇ ಮಾತು.

ಅಂವ ಏನ್ ಹಚ್ಚತಿದ್ದ ಅಂತ ಕೇಳಿದ್ದೆ. ಸ್ಕ್ವಾಂಡರರ್ ಓಡೋ ದಿನ ಒಂದು ಟಿಕೆಟು, ಅಷ್ಟೇ. ಗೆದ್ದ ಲಾಭ ಬಸ್ ಚಾರ್ಜಿಗೂ ಸಾಕಾಗ್ತಿರಲಿಲ್ಲವಂತೆ. ಮತ್ತೆ ಯಾಕೆ ಹೋಗ್ತಿದ್ದೆ? ವಾರದ ಆರು ದಿನ ಧೂಳು, ಹತ್ತಿಯ ನಾರು, ಕಿವಿ ಕಿವುಡಾಗುವ ಸದ್ದು. ಏಳನೇ ದಿನ ಹಸಿರು ಹುಲ್ಲು, ಅದರ ಮೇಲೆ ಅದು. ಯಜಮಾನರೂ ಅದನ್ನೇ ನೋಡ್ತಿದ್ದರು, ಗಿರಣಿಯವನೂ ಅದನ್ನೇ ನೋಡ್ತಿದ್ದ. ಗ್ಯಾಲರಿ ಬೇರೆ ಬೇರೆ, ಕುದುರೆ ಒಂದೇ.

ಈಗಲೂ ಜಾತ್ರೆಯ ಶರ್ಯತ್ತಿಗೆ ಕರ್ಕೊಂಡು ಹೋದರೆ ಕಾಕಾ ಗಾಡಿ ಹೊರಡೋ ಮುಂಚೆ ಕುದುರೆಗಳ ಸುತ್ತ ಒಂದು ರೌಂಡ್ ಹಾಕ್ತಾನೆ. ಮೈ, ಬಾಲ ಏನೂ ನೋಡೋದಿಲ್ಲ. ನೆಲಕ್ಕೆ ಬಗ್ಗಿ ಮೊಣಕಾಲಿನ ಕೆಳಗೆ ನೋಡ್ತಾನೆ. ಬಾವು ಕಂಡರೆ ಗಾಡಿಯವನಿಗೆ, “ಇವತ್ತ ಇದನ್ನ ಬಿಚ್ಚು, ಯಪ್ಪಾ” ಅಂತಾನೆ. ಕೆಲವರು ಕೇಳ್ತಾರೆ, ಕೆಲವರು ಬೈತಾರೆ.

ನಿಮ್ಮ ಮನೆಯ ಹಿರಿಯರಿಗೂ ಇಂಥದ್ದೊಂದು ಕುದುರೆಯೋ ಎತ್ತೋ ಇದ್ದರೆ, ಅವರ ದನಿಯಲ್ಲೇ ವಾಯ್ಸ್ ನೋಟ್ ಮಾಡಿ ಕಳಿಸಿ.