ದಂಡ ಕಟ್ಟಿದರೆ ಮುಗಿಯಿತೇ?



ಗುಂಡ್ಯ ದಾಟಿದರೆ ಶಿರಾಡಿ ಘಾಟಿಯ ಏರು. ಅಡಿಕೆ, ರಬ್ಬರು ಹೇರಿದ ಪಿಕಪ್ಪುಗಳು ಈ ಹೆದ್ದಾರಿಯಲ್ಲಿ ದಿನವೂ ಓಡುತ್ತವೆ. ತಪ್ಪಿಗೆ ದಂಡ ಕಟ್ಟಿದರೆ ಲೆಕ್ಕ ಚುಕ್ತವಾಯಿತೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ, ತಪ್ಪು ಮರುಕಳಿಸಿದರೆ ಶಿಕ್ಷೆ ಬೆಳೆಯುತ್ತದೆ.

2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಕುಡಿದು ಓಡಿಸಿದವನಿಗೆ ಮೊದಲ ಸಲ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಮತ್ತೆ ಸಿಕ್ಕಿದರೆ 15,000 ರೂಪಾಯಿ ಅಥವಾ ಎರಡು ವರ್ಷದವರೆಗೆ ಸಜೆ, ಇಲ್ಲವೆ ಎರಡೂ. ಮಿತಿ ಮೀರಿ ಹೇರಿದರೆ 20,000 ರೂಪಾಯಿ; ಹೆಚ್ಚುವರಿ ಟನ್ನಿಗೆ 2,000 ಬೇರೆ; ಮಾಲು ಇಳಿಸುವ ಖರ್ಚೂ ನಿಮ್ಮದೇ.

ಇದಕ್ಕಿಂತ ದೊಡ್ಡ ನಷ್ಟ ಲೈಸೆನ್ಸಿನದು. ಕೆಲವು ತಪ್ಪುಗಳಿಗೆ ಸಾರಿಗೆ ಅಧಿಕಾರಿ ನಿಮ್ಮ ಮಾತು ಕೇಳಿ ಅದನ್ನು ತಡೆಹಿಡಿಯಬಹುದು, ರದ್ದು ಮಾಡಲೂಬಹುದು. ಆದೇಶ ಬಂದ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಆ ಅವಧಿಯಲ್ಲಿ ಗಾಡಿ ಓಡಿಸಿದರೆ ಮತ್ತೆ 10,000 ದಂಡ ಅಥವಾ ಮೂರು ತಿಂಗಳವರೆಗೆ ಸಜೆ. ಕೊಯ್ಲಿನ ಹೊತ್ತಿಗೆ ಹೀಗಾದರೆ ಅಡಿಕೆ ಅಂಗಳದಲ್ಲೇ ಉಳಿದೀತು.

ಆದುದರಿಂದ, ನೋಟೀಸು ಬಂದರೆ ಮೂಲೆಗೆ ಎಸೆಯಬೇಡಿ. ಮಾರಿದ ಗಾಡಿಯನ್ನು ಕೊಂಡವರ ಹೆಸರಿಗೆ ಪುತ್ತೂರಿನ ಸಾರಿಗೆ ಕಚೇರಿಯಲ್ಲಿ ವರ್ಗಾಯಿಸಿರಿ. ಇಲ್ಲವಾದರೆ ಅವರ ತಪ್ಪಿನ ನೋಟೀಸು ನಿಮ್ಮ ಮನೆಗೇ ಬರುತ್ತದೆ. ಮೂಟೆ ಹೇರುವ ಮುನ್ನ ಆರ್.ಸಿ.ಯಲ್ಲಿರುವ ತೂಕ ನೋಡಿರಿ. ಇನ್ನೊಂದು ಬಾಡಿಗೆಯ ಖರ್ಚು ದಂಡಕ್ಕಿಂತ ಅಗ್ಗ.