ಆಕ್ಸಿಲರೇಟರ್ ತುಳಿದ್ರೂ ಕಾರು ತಡವರಿಸ್ತಿದ್ಯಾ? ಪಾರ್ಟ್ ಬದಲಿಸೋ ಮುಂಚೆ ಇದನ್ನ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಶುರುವಾಗಿದ್ದು ನನಗಾದ ಒಂದು ಭಯದಿಂದ.

ಮಂಗಳೂರಿಂದ ಬೆಂಗಳೂರಿಗೆ ಬರ್ತಿದ್ದೆ. ಶಿರಾಡಿ ಘಾಟಿಯ ಏರು. ಮುಂದೆ ಒಂದು ಗ್ಯಾಸ್ ಟ್ಯಾಂಕರ್ ತೆವಳ್ತಾ ಇತ್ತು. ನೇರ ರಸ್ತೆ ಸಿಕ್ತು, ಎದುರು ಖಾಲಿ ಇದೆ ಅಂತ ಗೇರ್ ಇಳಿಸಿ ಆಕ್ಸಿಲರೇಟರ್ ತುಳಿದೆ. ಕಾರು ಮುಂದೆ ಹೋಗ್ಲೇ ಇಲ್ಲ! ಎರಡು ಸೆಕೆಂಡ್ ಮುಕ್ಕರಿಸ್ತು. ಅಷ್ಟರಲ್ಲಿ ತಿರುವಲ್ಲಿ ಬಸ್ ಕಾಣಿಸ್ತು. ಬ್ರೇಕ್ ಹಾಕಿ ಮತ್ತೆ ಟ್ಯಾಂಕರ್ ಹಿಂದೆ ಸೇರ್ಕೊಂಡೆ. ಕೈ ನಡುಗ್ತಿತ್ತು.

ಎರಡೇ ಸೆಕೆಂಡ್ ತಾನೇ ಅನ್ಬೇಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಅಂದ್ರೆ ಸುಮಾರು 33 ಮೀಟರ್. ಎದುರಿನ ಗಾಡಿನೂ ಅಷ್ಟೇ ವೇಗದಲ್ಲಿ ಬಂದ್ರೆ ನಡುವಿನ ಜಾಗ 66 ಮೀಟರ್ ಕರಗಿಹೋಗುತ್ತೆ.

ಊರಿಗೆ ಬಂದು ಒಂದು ಗ್ಯಾರೇಜ್‌ಗೆ ಹೋದೆ. ಬಾನೆಟ್ ಎತ್ತಿ ನೋಡಿದವರು, 'ಫ್ಯುಯಲ್ ಪಂಪ್ ಹೋಗಿದೆ, ಬದಲಿಸ್ಬೇಕು' ಅಂದ್ರು. ಸ್ಕ್ಯಾನರ್ ಹಾಕಲಿಲ್ಲ, ಪ್ರೆಶರ್ ನೋಡಲಿಲ್ಲ. ನಂಗೆ ಯಾಕೋ ಸರಿ ಅನ್ನಿಸ್ಲಿಲ್ಲ.

ಎಂಜಿನ್‌ಗೆ ಬೇಕಾಗಿದ್ದು ಮೂರೇ

ಪೆಟ್ರೋಲ್ ಎಂಜಿನ್‌ಗೆ ಬೇಕಾಗಿರೋದು ಗಾಳಿ, ಪೆಟ್ರೋಲ್ ಮತ್ತು ಕಿಡಿ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಪಾಲು ಗಾಳಿ ಬೇಕು. ನೀವು ಆಕ್ಸಿಲರೇಟರ್ ತುಳಿದಾಗ ಗಾಳಿ ಒಮ್ಮೆಲೇ ಒಳಗೆ ನುಗ್ಗುತ್ತೆ. ಸೆನ್ಸರ್ ಅದನ್ನ ಅಳೆದು ಕಂಪ್ಯೂಟರ್‌ಗೆ ಹೇಳ್ಬೇಕು, ಇಂಜೆಕ್ಟರ್ ಅಷ್ಟಕ್ಕೆ ತಕ್ಕ ಪೆಟ್ರೋಲ್ ಬಿಡ್ಬೇಕು, ಸ್ಪಾರ್ಕ್ ಪ್ಲಗ್ ಸರಿಯಾದ ಹೊತ್ತಿಗೆ ಕಿಡಿ ಹಾರಿಸ್ಬೇಕು. ಇದ್ರಲ್ಲಿ ಒಬ್ಬರು ತಡ ಮಾಡಿದ್ರೂ ಕಾರು ತಡವರಿಸುತ್ತೆ.

ಮೊದಲು ಲಕ್ಷಣ ಗಮನಿಸಿ

ಆರ್‌ಪಿಎಂ ಮುಳ್ಳು ಮೇಲೇರ್ತಿದೆ, ವೇಗ ಮಾತ್ರ ಏರ್ತಿಲ್ಲ ಅಂದ್ರೆ ಮ್ಯಾನ್ಯುಯಲ್ ಗೇರ್ ಗಾಡಿಯಲ್ಲಿ ಅನುಮಾನ ಕ್ಲಚ್ ಮೇಲೆ. ಎಂಜಿನ್ ಬಿಟ್ಟುಬಿಡಿ.

ಜಟ್ಕಾ ಹೊಡೀತಾ, ನಡುಗ್ತಾ ಹೋಗ್ತಿದ್ರೆ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ನೋಡಿ.

ನಿಧಾನ ಓಡಿಸಿದ್ರೆ ಸರಿ, ಏರಲ್ಲಿ ಅಥವಾ ಜೋರಾಗಿ ತುಳಿದಾಗ ಮಾತ್ರ ಉಸಿರು ಕಟ್ಟಿದ ಹಾಗೆ ಆಗುತ್ತೆ ಅಂದ್ರೆ ಪೆಟ್ರೋಲ್ ಸಾಕಾಗ್ತಿಲ್ಲದೇ ಇರಬಹುದು: ಕಟ್ಟಿಕೊಂಡ ಫಿಲ್ಟರ್, ಸೋತ ಪಂಪ್. ಆದ್ರೆ ಎಂಜಿನ್ ಮೇಲೆ ಭಾರ ಬಿದ್ದಾಗ ಸೋತ ಕಾಯಿಲ್ ಕೂಡ ಹೀಗೇ ಕೈಕೊಡುತ್ತೆ. ಅದಕ್ಕೇ ಊಹೆ ಮಾಡಿ ಪಂಪ್ ಬದಲಿಸಬಾರದು.

ಇನ್ನೊಂದು ಮಾತು: ಎಎಂಟಿ ಗಾಡಿ ಗೇರ್ ಬದಲಿಸುವಾಗ ಕ್ಷಣಕಾಲ ತಲೆಯಾಡಿಸೋದು, ಟರ್ಬೊ ಗಾಡಿ ಕಡಿಮೆ ಆರ್‌ಪಿಎಂನಲ್ಲಿ ಸ್ವಲ್ಪ ತಡ ಮಾಡೋದು ಅವುಗಳ ಗುಣ. ಮೊದಲಿಂದ್ಲೂ ಹಾಗೇ ಇದ್ರೆ ಅದು ದೋಷ ಅಲ್ಲ. ಹೊಸದಾಗಿ ಶುರುವಾಗಿದ್ರೆ ಮಾತ್ರ ಯೋಚಿಸಿ.

ಫೋನ್‌ನಲ್ಲೇ ಸ್ಕ್ಯಾನ್ ಮಾಡಿ

ಸ್ಟೀರಿಂಗ್ ಕೆಳಗೆ 16 ಪಿನ್‌ಗಳ ಒಬಿಡಿ ಪೋರ್ಟ್ ಇರುತ್ತೆ. ಅದಕ್ಕೆ ಹಾಕೋ ಬ್ಲೂಟೂತ್ ಡಾಂಗಲ್ ಸಾವಿರ ರೂಪಾಯಿ ಒಳಗೇ ಸಿಗುತ್ತೆ. ಐಫೋನ್ ಇರೋರು ತಮ್ಮ ಫೋನ್‌ಗೆ ಹೊಂದುತ್ತಾ ಅಂತ ನೋಡ್ಕೊಂಡು ತಗೊಳ್ಳಿ. ಪಿ 0301 ಬಂದ್ರೆ ಒಂದನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ ಅಂತ. ಪಿ 0171 ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆದ್ರೆ ಕೋಡ್ ಅನ್ನೋದು ವಿಳಾಸ ಇದ್ದ ಹಾಗೆ, ಕಳ್ಳನ ಹೆಸರಲ್ಲ. ಬೀದಿ ಗೊತ್ತಾಯ್ತು, ಮನೆ ನಾವೇ ಹುಡುಕ್ಬೇಕು.

ನನ್ನ ಕಾರಲ್ಲಿ ಬಂದಿದ್ದು ಪಿ 0301. ಪರಿಚಯದ ಮೆಕ್ಯಾನಿಕ್ ಒಬ್ಬರು ಒಂದು ಸುಲಭ ಉಪಾಯ ಮಾಡಿದ್ರು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಒಂದನೇ ಸಿಲಿಂಡರ್‌ನ ಕಾಯಿಲ್ ತೆಗೆದು ಎರಡನೆಯದಕ್ಕೆ, ಎರಡನೆಯದ್ದನ್ನ ಒಂದಕ್ಕೆ ಹಾಕಿದ್ರು. ಹಳೇ ಕೋಡ್ ಅಳಿಸಿ ಒಂದು ಸುತ್ತು ಓಡಿಸಿದ್ವಿ. ಈಗ ಬಂದ ಕೋಡ್ ಪಿ 0302! ಕಾಯಿಲ್ ಜೊತೆಗೇ ದೋಷನೂ ಜಾಗ ಬದಲಿಸಿತ್ತು. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಒಂದು ಕಾಯಿಲ್ ಬದಲಾಯ್ತು, ಪಂಪ್ ಹಾಗೇ ಉಳೀತು. ಪ್ರತಿ ಸಿಲಿಂಡರ್‌ಗೂ ಬೇರೆ ಕಾಯಿಲ್ ಇರೋ ಗಾಡಿಗಳಲ್ಲಿ ಮಾತ್ರ ಈ ಪರೀಕ್ಷೆ ಆಗುತ್ತೆ.

ಕಡಿಮೆ ಖರ್ಚಿನದ್ದು ಮೊದಲು

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಧೂಳು ಕಟ್ಟಿದ್ರೆ ಬದಲಿಸಿ. ಥ್ರಾಟಲ್ ಬಾಡಿಯಲ್ಲಿ ಕಪ್ಪು ಮಸಿ ಕೂತಿದ್ರೆ ಕ್ಲೀನ್ ಮಾಡಿಸಿ. ಗಾಳಿ ಅಳೆಯೋ ಸೆನ್ಸರ್‌ಗೆ ಅದರದ್ದೇ ಸ್ಪ್ರೇ ಬಳಸಬೇಕು, ಬಟ್ಟೆಯಲ್ಲಿ ಒರೆಸಿದ್ರೆ ಒಳಗಿನ ಸಣ್ಣ ತಂತಿ ಹಾಳಾಗುತ್ತೆ. ಪ್ಲಗ್ ಯಾವಾಗ ಬದಲಿಸಿದ್ದು ಅಂತ ಸರ್ವಿಸ್ ಪುಸ್ತಕ ನೋಡಿ. ಇಷ್ಟಾದ ಮೇಲೂ ಸರಿಯಾಗದಿದ್ರೆ ಫ್ಯುಯಲ್ ಪ್ರೆಶರ್ ಅಳೆಸಿ. ಅಳತೆ ಕಡಿಮೆ ಬಂದ್ರೆ ಮಾತ್ರ ಪಂಪ್ ಮಾತು.

ಡೀಸೆಲ್ ಗಾಡಿಗೆ ಪ್ಲಗ್ ಕಿಡಿಯ ಕಥೆನೇ ಇಲ್ಲ. ಅಲ್ಲಿ ಡೀಸೆಲ್ ಫಿಲ್ಟರ್‌ನಲ್ಲಿ ನೀರು ಸೇರಿದ್ಯಾ, ಟರ್ಬೊ ಪೈಪ್ ಎಲ್ಲಾದ್ರೂ ಬಿರುಕು ಬಿಟ್ಟಿದ್ಯಾ ನೋಡಿಸಿ. ಬಿಎಸ್-6 ಡೀಸೆಲ್ ಆಗಿದ್ದು ಬರೀ ಸಿಟಿ ಟ್ರಾಫಿಕ್‌ನಲ್ಲೇ ಓಡಾಡ್ತಿದ್ರೆ ಡಿಪಿಎಫ್‌ನಲ್ಲಿ ಮಸಿ ತುಂಬಿರಬಹುದು.

ಯಾವಾಗ ನಿಲ್ಲಿಸಲೇಬೇಕು?

ಚೆಕ್ ಎಂಜಿನ್ ಲೈಟ್ ಸುಮ್ನೆ ಹೊತ್ತಿಕೊಂಡಿದ್ರೆ ಬೇಗ ತೋರಿಸಿ. ಮಿನುಗ್ತಾ ಇದ್ರೆ ಮಾತ್ರ ಪಕ್ಕಕ್ಕೆ ಹಾಕಿ ನಿಲ್ಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಬಿಡಬಹುದು. ಆ ರಿಪೇರಿ ಮುಂದೆ ಕಾಯಿಲ್ ಬೆಲೆ ಏನೂ ಅಲ್ಲ.

ಗ್ಯಾರೇಜ್‌ಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: 'ಇದೇ ಹೋಗಿದೆ ಅಂತ ಹೇಗೆ ಗೊತ್ತಾಯ್ತು?' ಕೆಲಸ ಬಲ್ಲವರು ಬೇಜಾರಿಲ್ಲದೆ ತೋರಿಸ್ತಾರೆ. ಮತ್ತೆ, ಕಾರು ಸರಿಯಾಗೋವರೆಗೂ ದಯವಿಟ್ಟು ಓವರ್‌ಟೇಕ್ ಬೇಡ. ಟ್ಯಾಂಕರ್ ಹಿಂದೆ ಹತ್ತು ನಿಮಿಷ ತೆವಳಿದ್ರೆ ಏನೂ ನಷ್ಟ ಇಲ್ಲ.