ಕೈಲೆಕ್ಕಕ್ಕೆ ಸಿಕ್ಕ ದೈತ್ಯ ಅವಿಭಾಜ್ಯ

170141183460469231731687303715884105727. ಮೂವತ್ತೊಂಬತ್ತು ಅಂಕಿಗಳ ಈ ಸಂಖ್ಯೆ ಅವಿಭಾಜ್ಯ ಎಂದು 1876ರಲ್ಲಿ ಸಾಧಿಸಿ ತೋರಿಸಿದವನು ಫ್ರಾನ್ಸಿನ ಎದುವಾರ್ ಲೂಕಾ. ಎಲ್ಲವೂ ಕೈಲೆಕ್ಕ. ಮುಂದೆ 75 ವರ್ಷ ಇದಕ್ಕಿಂತ ದೊಡ್ಡ ಅವಿಭಾಜ್ಯವನ್ನು ಯಾರೂ ಸಾಧಿಸಲಿಲ್ಲ.

ಶಾಲೆಯಲ್ಲಿ ಕಲಿತ ದಾರಿ ಇಲ್ಲಿ ನಡೆಯುವುದಿಲ್ಲ. ವರ್ಗಮೂಲದವರೆಗಿನ ಸಂಖ್ಯೆಗಳಿಂದ ಭಾಗಿಸಿ ನೋಡೋಣವೆಂದರೆ ಆ ವರ್ಗಮೂಲಕ್ಕೇ 20 ಅಂಕಿಗಳಿವೆ. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರವೂ ಒಂದೊಂದೇ ಸಂಖ್ಯೆಯನ್ನು ಪರೀಕ್ಷಿಸುತ್ತ ಹೋದರೆ ನಾನೂರು ವರ್ಷ ದುಡಿಯಬೇಕು.

ಲೂಕಾನ ಕೈಹಿಡಿದದ್ದು ಆ ಸಂಖ್ಯೆಯ ರಚನೆ. 2ರ 127ನೇ ಘಾತದಿಂದ 1 ಕಳೆದರೆ ಅದು ಬರುತ್ತದೆ. ಇಂಥವಕ್ಕೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಇವಕ್ಕೆ ಲೂಕಾ ಕಂಡುಹಿಡಿದ ಪರೀಕ್ಷೆಯನ್ನು 1930ರಲ್ಲಿ ಲೆಹ್ಮರ್ ಒಪ್ಪಮಾಡಿ ಕೊಟ್ಟ. 4ರಿಂದ ಹೊರಡಿ. ವರ್ಗಮಾಡಿ, 2 ಕಳೆಯಿರಿ, ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಘಾತ 5 ಇರುವ 31ಕ್ಕೆ ಮಾಡಿ ನೋಡಿ: 4, 14, ಆಮೇಲೆ 194ರ ಶೇಷ 8, ಆಮೇಲೆ 62ರ ಶೇಷ ಸೊನ್ನೆ. ನಮ್ಮ ದೈತ್ಯನಿಗೆ 125 ಸುತ್ತು ಸಾಕು.

ಪ್ರತಿ ಸುತ್ತಿನ ಭಾಗಾಕಾರವೂ ಇಲ್ಲಿ ಬರೀ ಕೂಡುವ ಲೆಕ್ಕ. 999ರಿಂದ ಭಾಗಿಸಿದಾಗ 123456ರ ಶೇಷವೆಷ್ಟು? 123 ಮತ್ತು 456 ಕೂಡಿಸಿ, 579. ದಶಮಾನದಲ್ಲಿ 999 ಇದ್ದಂತೆಯೇ ದ್ವಿಮಾನದಲ್ಲಿ ಈ ಅವಿಭಾಜ್ಯ: ಸಾಲಾಗಿ 127 ಒಂದುಗಳು. ಆದ್ದರಿಂದ ಉದ್ದವಾದ ವರ್ಗವನ್ನು ಬಲದಿಂದ 127 ಸ್ಥಾನಗಳಿಗೆ ತುಂಡರಿಸಿ ಎರಡು ತುಂಡುಗಳನ್ನು ಕೂಡಿಸಿದರೆ ಶೇಷ ಕೈಗೆ ಬಂದಂತೆಯೇ.

ನನಗೆ ಇದರಲ್ಲಿ ಅತಿ ಚೆಲುವಾಗಿ ಕಾಣುವುದು ಬೇರೆಯದೇ ಸಂಗತಿ. ಸಂಖ್ಯೆ ಒಡೆಯುತ್ತದೆಂದು ಹೇಳಲು ಈ ಪರೀಕ್ಷೆಗೆ ಅದರ ಅಪವರ್ತನಗಳು ಗೊತ್ತಿರಬೇಕಿಲ್ಲ. ಘಾತ 67ರ ಸಂಖ್ಯೆ ಅವಿಭಾಜ್ಯವೆಂದು 1644ರಲ್ಲಿ ಮರ್ಸೆನ್ ಬರೆದಿದ್ದ. ಅಲ್ಲವೆಂದು ಲೂಕಾ 1876ರಲ್ಲೇ ತೋರಿಸಿದ. ಅದು 193707721 ಮತ್ತು 761838257287ರ ಗುಣಲಬ್ಧವೆಂದು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ತೋರಿಸಿದ್ದು 1903ರಲ್ಲಿ.

2024ರಲ್ಲಿ ಸಿಕ್ಕ, 4,10,24,320 ಅಂಕಿಗಳ ಮರ್ಸೆನ್ ಅವಿಭಾಜ್ಯವನ್ನು ದೃಢಪಡಿಸಿದ್ದೂ ಇದೇ ಪರೀಕ್ಷೆ. ಆದರೆ 2, 3, 7, 127 ಎಂಬ ಸರಣಿಯನ್ನು ನೋಡಿ: 2ಕ್ಕೆ ಹಿಂದಿನ ಸಂಖ್ಯೆಯನ್ನೇ ಘಾತವಾಗಿ ಕೊಟ್ಟು 1 ಕಳೆದರೆ ಮುಂದಿನದು ಸಿಗುತ್ತದೆ. ಐದನೆಯದು ಲೂಕಾನ ಅವಿಭಾಜ್ಯ. ಆರನೆಯದೂ ಅವಿಭಾಜ್ಯವೇ? ಯಾರಿಗೂ ಗೊತ್ತಿಲ್ಲ. ಅದರ ಘಾತವೇ 39 ಅಂಕಿಯದಾದ್ದರಿಂದ ಪರೀಕ್ಷೆಯ ಸುತ್ತುಗಳೂ ಅಷ್ಟೇ ಆಗುತ್ತವೆ. ಯಾವ ಕಂಪ್ಯೂಟರ್ ಕೂಡ ಅದನ್ನು ಮುಗಿಸಲಾರದು. ಹಾಗಾಗಿ ಅಲ್ಲಿ ಸದ್ಯಕ್ಕೆ ನಡೆದಿರುವುದು ಭಾಗಿಸಬಲ್ಲ ಸಂಖ್ಯೆಯೊಂದು ಸಿಕ್ಕೀತೇ ಎಂಬ ಹುಡುಕಾಟ.